ಜ್ವರ ಬಂದರೆ ಮೊದಲು ರಕ್ತ, ಆಮೇಲೆ ಮಾತ್ರೆ: ಮುಂಬಯಿ ಕನ್ನಡಿಗರಿಗೊಂದು ಮಲೇರಿಯಾ ಕೈಪಿಡಿ

ಮಳೆಗಾಲದ ಮುಂಬಯಿಯಲ್ಲಿ ಯಾರಿಗಾದರೂ ಜ್ವರ ಬಂದರೆ ಮನೆಯಲ್ಲಿ ಮೊದಲು ಶುರುವಾಗುವುದು ಊಹೆ. ನೆನೆದದ್ದಕ್ಕೆ ಬಂತು, ಹೊರಗೆ ತಿಂದದ್ದಕ್ಕೆ ಬಂತು, ಈಗ ಎಲ್ಲರಿಗೂ ವೈರಲ್ ಅಲ್ಲವೇ. ಮೊದಲೆರಡು ದಿನ ಮನೆಯಲ್ಲಿದ್ದ ಮಾತ್ರೆ, ಮೂರನೆಯ ದಿನ ಔಷಧದಂಗಡಿಯವನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟ ನಾಲ್ಕು ಬಣ್ಣದ ಮಾತ್ರೆ, ಐದನೆಯ ದಿನ ನನ್ನ ಮುಂದಿನ ಕುರ್ಚಿ. ನಾನು ಮಾಟುಂಗದ ಕಡೆಯ ಒಂದು ಪರೀಕ್ಷಾ ಕೇಂದ್ರದಲ್ಲಿ ರಕ್ತ ತೆಗೆಯುವವಳು, ಸ್ಲೈಡ್ ನೋಡುವವಳು. ಊರು ಅಂಕೋಲೆ. ನಮ್ಮಲ್ಲಿಗೆ ಬರುವವರಲ್ಲಿ ಕುಂದಾಪುರ, ಉಡುಪಿ ಕಡೆಯ ಹೋಟೆಲ್ ಹುಡುಗರು ಬಹಳ. ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ, ವಿಜಯಪುರದವರೂ ಇದ್ದಾರೆ. ಅವರಿಗೆಲ್ಲ ಕೌಂಟರಿನ ಆಚೆಯಿಂದ ಅವಸರದಲ್ಲಿ ಹೇಳುವುದನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ಮಾತ್ರೆಯ ಪ್ರಮಾಣ ಗೊತ್ತುಮಾಡುವುದು ವೈದ್ಯರ ಕೆಲಸ. ಆದರೆ ಅವರ ಚೀಟಿಯಲ್ಲಿ ಏನಿರಬೇಕು, ಯಾಕಿರಬೇಕು ಎಂಬುದು ರೋಗಿಗೂ ಗೊತ್ತಿರಬೇಕು ಎನ್ನುವವಳು.

ರಕ್ತ ಕೊಡುವಾಗ

ಜ್ವರ ಬಂದ ದಿನವೇ, ತಪ್ಪಿದರೆ ಮರುದಿನ, ರಕ್ತ ಪರೀಕ್ಷೆ ಮಾಡಿಸಿ. ಚಳಿ ಹತ್ತಿ ಹಲ್ಲು ಕಟಕಟ ಎನ್ನುವ ಹೊತ್ತಿಗೇ ಬರಬೇಕೆಂಬ ನಿಯಮವಿಲ್ಲ. ಆ ಹಳೆಯ ನಂಬಿಕೆಯಿಂದ ಮನೆಯಲ್ಲಿ ಕಂಬಳಿ ಹೊದ್ದು ಚಳಿಗಾಗಿ ಕಾಯುವವರನ್ನು ನೋಡಿದ್ದೇನೆ. ಮಲೇರಿಯಾ ಇದ್ದರೆ ಜ್ವರ ಇಳಿದಿರುವಾಗಲೂ ರೋಗಾಣು ರಕ್ತದಲ್ಲೇ ಇರುತ್ತದೆ. ದಿನ ಬಿಟ್ಟು ದಿನ ಬಂದರೆ ಮಾತ್ರ ಮಲೇರಿಯಾ ಎಂಬ ಮಾತನ್ನೂ ಪಕ್ಕಕ್ಕಿಡಿ. ಮೊದಲ ಕೆಲವು ದಿನ ಅದು ದಿನವೂ ಬರಬಹುದು, ಹೊತ್ತುಗೊತ್ತಿಲ್ಲದೆ ಬರಬಹುದು.

ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ: ಜ್ವರದಿಂದ ಸೋತವರು ಸಕ್ಕರೆ ಪರೀಕ್ಷೆಗೆ ಬಂದವರಂತೆ ಉಪವಾಸ ಬಂದು ನಮ್ಮ ಬೆಂಚಿನ ಮೇಲೇ ತಲೆ ಸುತ್ತಿ ಬೀಳುತ್ತಾರೆ. ಇಡ್ಲಿ ತಿಂದು ಬನ್ನಿ. ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿದ್ದರೂ ಪರೀಕ್ಷೆಗೆ ತೊಂದರೆಯಿಲ್ಲ. ತೊಂದರೆ ಇರುವುದು ಮಲೇರಿಯಾ ಮಾತ್ರೆಯನ್ನೇ ಮೊದಲು ನುಂಗಿ ಬರುವುದರಿಂದ. ಅರ್ಧಂಬರ್ಧ ನುಂಗಿದ ಮಾತ್ರೆ ರೋಗಾಣುವಿನ ಸಂಖ್ಯೆಯನ್ನು ಕಣ್ಣಿಗೆ ಕಾಣದಷ್ಟು ಕಡಿಮೆ ಮಾಡುತ್ತದೆ, ಪೂರ್ತಿ ಕೊಲ್ಲುವುದಿಲ್ಲ. ವರದಿ 'ಇಲ್ಲ' ಎನ್ನುತ್ತದೆ, ಜ್ವರ 'ಇದ್ದೇನೆ' ಎನ್ನುತ್ತದೆ. ಏನಾದರೂ ನುಂಗಿದ್ದರೆ ಆ ಹಾಳೆಯನ್ನು ಜೊತೆಗೆ ತನ್ನಿ, ಬಯ್ಯುವುದಿಲ್ಲ.

ಪರೀಕ್ಷೆ ಎರಡು ಬಗೆ. ಒಂದು, ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಯ ಮೇಲೆ ಹಾಕುವ ಕ್ಷಿಪ್ರ ಪರೀಕ್ಷೆ. ಸುಮಾರು ಕಾಲು ಗಂಟೆಯಲ್ಲಿ ಗೆರೆ ಮೂಡುತ್ತದೆ. ಇನ್ನೊಂದು ನನ್ನ ಕೆಲಸ, ಸ್ಲೈಡ್. ಗಾಜಿನ ಮೇಲೆ ಒಂದು ದಪ್ಪ ಲೇಪ, ಒಂದು ತೆಳು ಲೇಪ. ದಪ್ಪ ಲೇಪದಲ್ಲಿ ಹೆಚ್ಚು ರಕ್ತ ಇರುವುದರಿಂದ ರೋಗಾಣು ಇದೆಯೇ ಇಲ್ಲವೇ ಎಂದು ಹುಡುಕುವುದು ಸುಲಭ. ತೆಳು ಲೇಪದಲ್ಲಿ ಕಣಗಳು ಒಂದೊಂದಾಗಿ ಹರಡಿಕೊಳ್ಳುವುದರಿಂದ ಯಾವ ಜಾತಿ ಎಂದು ಗುರುತಿಸುವುದು ಸುಲಭ. ಬಣ್ಣ ಹಾಕಲು ನಮ್ಮ ದೇಶದವರೇ ಆದ ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ 1940ರ ದಶಕದಲ್ಲಿ ರೂಪಿಸಿದ ಬಣ್ಣವೊಂದಿದೆ. ಅವರ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಜೆ.ಎಸ್.ಬಿ. ಎನ್ನುತ್ತಾರೆ. ಅಗ್ಗ, ಬೇಗ, ಸರ್ಕಾರಿ ಮಲೇರಿಯಾ ಕಾರ್ಯಕ್ರಮದಲ್ಲಿ ದಶಕಗಳಿಂದ ಬಳಕೆಯಲ್ಲಿದೆ. ಬಣ್ಣ ಹಿಡಿದ ಸ್ಲೈಡಿನ ಮೇಲೆ ಒಂದು ತೊಟ್ಟು ಎಣ್ಣೆ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಕನಿಷ್ಠ ನೂರು ಕ್ಷೇತ್ರ (ಒಂದು ಸಲಕ್ಕೆ ಕಣ್ಣಿಗೆ ಕಾಣುವಷ್ಟು ಜಾಗ ಒಂದು ಕ್ಷೇತ್ರ) ನೋಡಿದ ಮೇಲೆಯೇ 'ಇಲ್ಲ' ಎಂದು ಬರೆಯಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. "ಅಕ್ಕಾ, ಇನ್ನೂ ಆಗಲಿಲ್ಲವೇ?" ಎಂದು ಹತ್ತು ನಿಮಿಷಕ್ಕೊಮ್ಮೆ ಬಾಗಿಲಲ್ಲಿ ಇಣುಕುವ ಹುಡುಗರಿಗೆ ನನ್ನ ಉತ್ತರ ಒಂದೇ: ಬೇಗ ಬೇಕೋ, ಸರಿಯಾಗಿ ಬೇಕೋ ಹೇಳಪ್ಪ.

ಒಂದು ಸ್ಲೈಡ್ 'ಇಲ್ಲ' ಎಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಜ್ವರ ಮುಂದುವರಿದರೆ 12ರಿಂದ 24 ಗಂಟೆ ಬಿಟ್ಟು ಮತ್ತೆ ಕೊಡಿ, ಬೇಕಾದರೆ ಮೂರನೆಯ ಸಲವೂ ಕೊಡಿ. ಖರ್ಚಿನ ಚಿಂತೆಯಿದ್ದರೆ ಖಾಸಗಿ ಕೇಂದ್ರಕ್ಕೆ ಬರಲೇಬೇಕೆಂದಿಲ್ಲ. ಪಾಲಿಕೆಯ ದವಾಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ ಮಲೇರಿಯಾದ ಪರೀಕ್ಷೆಯೂ ಔಷಧವೂ ಉಚಿತ. ನಮ್ಮ ಗಿರಾಕಿ ಕಡಿಮೆಯಾದರೂ ಪರವಾಗಿಲ್ಲ, ಹೇಳುವುದನ್ನು ಹೇಳಿದ್ದೇನೆ.

ವರದಿಯಲ್ಲಿ ಯಾವ ಹೆಸರಿದೆ?

ವರದಿ ಕೈಗೆ ಬಂದಾಗ 'ಮಲೇರಿಯಾ ಪಾಸಿಟಿವ್' ಎಂಬಷ್ಟಕ್ಕೆ ನಿಲ್ಲಬೇಡಿ. ಅದರ ಮುಂದಿನ ಹೆಸರನ್ನು ಓದಿ. ನಮ್ಮ ಊರುಗಳಲ್ಲಿ ಮುಖ್ಯವಾಗಿ ಎರಡು: ವೈವಾಕ್ಸ್, ಫಾಲ್ಸಿಪಾರಮ್. ಕೆಲವೊಮ್ಮೆ ಎರಡೂ ಒಟ್ಟಿಗಿರುತ್ತವೆ. ಮಾತ್ರೆ ಯಾವುದು, ಎಷ್ಟು ದಿನ, ಮನೆಯಲ್ಲಿರಬಹುದೇ ಅಥವಾ ಆಸ್ಪತ್ರೆ ಸೇರಬೇಕೇ ಎಂಬುದೆಲ್ಲ ಬಹುಮಟ್ಟಿಗೆ ಆ ಒಂದು ಹೆಸರಿನ ಮೇಲೆ ನಿಂತಿದೆ. ಹೆಸರು ಬರೆಯದ ವರದಿ ಸಿಕ್ಕಿದರೆ ಹಿಂದಿರುಗಿಸಿ ಕೇಳಿ. ಅದು ನಿಮ್ಮ ಹಕ್ಕು.

ವೈವಾಕ್ಸ್ ಹೊಕ್ಕ ಕೆಂಪು ಕಣ ಉಬ್ಬುತ್ತದೆ, ಒಳಗೆ ಸಣ್ಣ ಸಣ್ಣ ಚುಕ್ಕಿ ಕಾಣುತ್ತದೆ. ಅನುಭವವಿದ್ದವರ ಕಣ್ಣಿಗೆ ತಪ್ಪುವುದಿಲ್ಲ. ಫಾಲ್ಸಿಪಾರಮ್‌ನದು ಬೇರೆ ಸ್ವಭಾವ. ಬೆರಳಿನ ರಕ್ತದಲ್ಲಿ ಹೆಚ್ಚಾಗಿ ಅದರ ಎಳೆಯ, ಉಂಗುರದಂಥ ರೂಪಗಳೇ ಓಡಾಡುತ್ತವೆ. ಬೆಳೆದವು ಮೆದುಳು, ಮೂತ್ರಪಿಂಡದಂಥ ಅಂಗಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಕೂರುತ್ತವೆ. ಆದ್ದರಿಂದ ಸ್ಲೈಡಿನಲ್ಲಿ ಕಂಡದ್ದಕ್ಕಿಂತ ಮೈಯೊಳಗೆ ಇರುವುದು ಹೆಚ್ಚು. ಎಣಿಕೆ ಕಡಿಮೆ ಬಂತೆಂದು ಫಾಲ್ಸಿಪಾರಮ್ ರೋಗಿ ಸಮಾಧಾನ ಪಡುವಂತಿಲ್ಲ.

ಇನ್ನೆರಡು ಮಾತು, ವರದಿಯ ವಿಷಯದಲ್ಲಿಯೇ. ಪ್ಲೇಟ್‌ಲೆಟ್ ಇಳಿದಿದೆ ಎಂದ ಕೂಡಲೇ ಡೆಂಗ್ಯೂ ಎಂದು ತೀರ್ಮಾನಿಸಿ ಪಪ್ಪಾಯಿ ಎಲೆ ಅರೆಯಲು ಕೂರುತ್ತಾರೆ. ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಕೆಲವರಿಗೆ ಗಾಬರಿಯಾಗುವಷ್ಟು ಇಳಿಯುತ್ತದೆ. ಪಪ್ಪಾಯಿ ಎಲೆಯ ರಸಕ್ಕೆ ಮಲೇರಿಯಾ ಬಗ್ಗುವುದಿಲ್ಲ. ಹಾಗೆಯೇ 'ಮಲೇರಿಯಾ ಮತ್ತು ಟೈಫಾಯ್ಡ್ ಎರಡೂ ಇದೆ' ಎಂಬ ವರದಿ ಹಿಡಿದು ಬರುವವರು. ಟೈಫಾಯ್ಡಿಗೆ ಮಾಡುವ ವಿಡಾಲ್ ಪರೀಕ್ಷೆ ಬೇರೆ ಜ್ವರಗಳಲ್ಲೂ, ಮಲೇರಿಯಾದಲ್ಲೂ ಸುಳ್ಳು ಹೇಳಬಲ್ಲದು. ಅದನ್ನು ನೋಡಿ ಎರಡು ಕಾಯಿಲೆಯ ಔಷಧ ನುಂಗುವ ಮುನ್ನ ವೈದ್ಯರನ್ನು ಇನ್ನೊಮ್ಮೆ ಕೇಳಿ.

ಗುಣವಾಯಿತೇ ಎಂದು ನೋಡಲು ಮತ್ತೆ ಕ್ಷಿಪ್ರ ಪರೀಕ್ಷೆ ಮಾಡಿಸುವವರಿಗೆ: ಫಾಲ್ಸಿಪಾರಮ್ ಸತ್ತ ಮೇಲೂ ಅದರ ಪ್ರೋಟೀನ್ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ, ಪಟ್ಟಿಯ ಮೇಲೆ ಗೆರೆ ಮೂಡುತ್ತಲೇ ಇರುತ್ತದೆ. ಗುಣವಾದದ್ದನ್ನು ತಿಳಿಯಲು ಸ್ಲೈಡೇ ಬೇಕು.

ವೈವಾಕ್ಸ್ ಬಂದವರ 14 ದಿನ

ಈ ಭಾಗ ಉದ್ದವಾಗುತ್ತದೆ. ಒಮ್ಮೆ ಬಂದವರೇ ಮತ್ತೆ ಮತ್ತೆ ನನ್ನ ಮುಂದೆ ಕೂರುವುದಕ್ಕೆ ಹೆಚ್ಚಿನ ಸಲ ಕಾರಣ ಇಲ್ಲಿಯೇ ಇರುವುದರಿಂದ ಉದ್ದವಾಗಲಿ.

ಸೊಳ್ಳೆ ಕಚ್ಚಿದಾಗ ಒಳಬಂದ ರೋಗಾಣು ಮೊದಲು ಹೋಗುವುದು ಯಕೃತ್ತಿಗೆ. ಅಲ್ಲಿ ಬೆಳೆದು, ಒಡೆದು, ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಚಳಿ, ಜ್ವರ, ಬೆವರು ಎಲ್ಲವೂ ರಕ್ತಕ್ಕಿಳಿದ ಮೇಲಿನ ಆಟ. ವೈವಾಕ್ಸ್‌ನ ಕೆಲವು ಮಾತ್ರ ಯಕೃತ್ತಿನಲ್ಲೇ ನಿದ್ದೆ ಹೋಗುತ್ತವೆ. ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಎದ್ದು ಮತ್ತೆ ರಕ್ತಕ್ಕೆ ಬರುತ್ತವೆ. ಹೊಸ ಸೊಳ್ಳೆ ಕಚ್ಚಬೇಕಾಗಿಲ್ಲ. ನಿದ್ದೆಯಲ್ಲಿರುವಾಗ ಅವು ಯಾವ ಸ್ಲೈಡಿನಲ್ಲೂ ಕಾಣುವುದಿಲ್ಲ.

ಹಾಗಾಗಿ ವೈವಾಕ್ಸ್‌ಗೆ ಎರಡು ಔಷಧ. ರಕ್ತದಲ್ಲಿರುವುದಕ್ಕೆ ಕ್ಲೋರೋಕ್ವಿನ್, ಮೂರು ದಿನ. ವಯಸ್ಕರಿಗೆ ಸಾಮಾನ್ಯವಾಗಿ ಮೊದಲ ದಿನ ನಾಲ್ಕು, ಎರಡನೆಯ ದಿನ ನಾಲ್ಕು, ಮೂರನೆಯ ದಿನ ಎರಡು ಮಾತ್ರೆ. ಯಕೃತ್ತಿನಲ್ಲಿ ಮಲಗಿರುವುದಕ್ಕೆ ಪ್ರೈಮಾಕ್ವಿನ್, ದಿನಕ್ಕೊಂದು ಸಲದಂತೆ 14 ದಿನ. ವಯಸ್ಕರಿಗೆ ದಿನಕ್ಕೆ 15 ಮಿಲಿಗ್ರಾಂ. ಮಕ್ಕಳಿಗೆ ತೂಕ, ವಯಸ್ಸು ನೋಡಿ ವೈದ್ಯರು ಲೆಕ್ಕ ಹಾಕುತ್ತಾರೆ. ಚೀಟಿಯಲ್ಲಿ ಮೊದಲನೆಯದು ಮಾತ್ರ ಇದ್ದು ಎರಡನೆಯದು ಇಲ್ಲದಿದ್ದರೆ, 'ಪ್ರೈಮಾಕ್ವಿನ್ ಬೇಡವೇ ಡಾಕ್ಟರೇ?' ಎಂದು ಕೇಳಿ. ಬೇಡ ಎನ್ನಲು ಅವರಿಗೆ ಸರಿಯಾದ ಕಾರಣ ಇರಬಹುದು, ಅದನ್ನೂ ಕೇಳಿ ತಿಳಿದುಕೊಳ್ಳಿ.

ಎಲ್ಲರೂ ಸೋಲುವುದು ಈ 14 ದಿನದಲ್ಲಿ. ಜ್ವರ ಮೂರನೆಯ ದಿನಕ್ಕೆ ಹೋಗಿರುತ್ತದೆ, ನಾಲಿಗೆಗೆ ರುಚಿ ಬಂದಿರುತ್ತದೆ, ಹೋಟೆಲಿನಲ್ಲಿ ಬೆಳಗ್ಗೆ ಐದಕ್ಕೇ ಹಿಟ್ಟು ರುಬ್ಬುವ ಕೆಲಸ ಕಾದಿರುತ್ತದೆ. ಜ್ವರವಿಲ್ಲದ ಮನುಷ್ಯನಿಗೆ ಮಾತ್ರೆಯ ನೆನಪು ಹೇಗಿದ್ದೀತು? ನಾನು ಹುಡುಗರಿಗೆ ಹೇಳಿಕೊಡುವ ಉಪಾಯ ಸರಳ. ಮಾತ್ರೆಯ ಹಾಳೆ ಕೈಗೆ ಬಂದ ತಕ್ಷಣ ಪೆನ್ನಿನಿಂದ ಪ್ರತಿ ಗುಳಿಗೆಯ ಹಿಂದೆ ತಾರೀಖು ಬರೆಯಿರಿ. ಹೊತ್ತನ್ನು ಗಡಿಯಾರಕ್ಕೆ ಕಟ್ಟಬೇಡಿ, ಊಟಕ್ಕೆ ಕಟ್ಟಿ. ಹೋಟೆಲ್ ಹುಡುಗರು ಗಿರಾಕಿಗಳೆಲ್ಲ ಎದ್ದ ಮೇಲೆ ಮೂರು, ಮೂರೂವರೆಗೆ ಉಣ್ಣುತ್ತಾರೆ. ಅದಾದ ಕೂಡಲೇ ಮಾತ್ರೆ. ಎರಡೂ ಔಷಧಗಳು ಖಾಲಿ ಹೊಟ್ಟೆಯಲ್ಲಿ ಹೊಟ್ಟೆ ತೊಳಸುತ್ತವೆ, ಊಟದ ಮೇಲೆ ತಡೆದುಕೊಳ್ಳಬಹುದು. ಕ್ಲೋರೋಕ್ವಿನ್ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ಸಲದ ಮಾತ್ರೆ ಲೆಕ್ಕಕ್ಕಿಲ್ಲ, ವೈದ್ಯರಿಗೆ ಹೇಳಿ ಮತ್ತೆ ತೆಗೆದುಕೊಳ್ಳಬೇಕು. ಹೋಟೆಲ್ ಮಾಲಕರಿಗೆ ಒಂದು ಕೋರಿಕೆ: ಹುಡುಗನ ಮಾತ್ರೆ ಗಲ್ಲಾಪೆಟ್ಟಿಗೆಯಲ್ಲಿರಲಿ, ನೀವೇ ಕೈಗೆ ಕೊಡಿ. ಎರಡು ತಿಂಗಳ ಮೇಲೆ ಮತ್ತೆ ಮಲಗಿದರೆ ನಷ್ಟ ನಿಮಗೂ ಅಲ್ಲವೇ.

ಪ್ರೈಮಾಕ್ವಿನ್ ಎಲ್ಲರಿಗೂ ಆಗುವುದಿಲ್ಲ. ಕೆಲವರ ರಕ್ತಕಣದಲ್ಲಿ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಬೇರೆ ದಿನ ಅವರಿಗೇ ಗೊತ್ತಾಗದು. ಈ ಮಾತ್ರೆ ಬಿದ್ದಾಗ ಕೆಂಪು ಕಣಗಳು ಒಡೆಯತೊಡಗುತ್ತವೆ. ಮಾತ್ರೆ ಶುರುಮಾಡುವ ಮೊದಲೇ ಈ ಕಿಣ್ವದ ಪರೀಕ್ಷೆ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಶುರುಮಾಡಿದ ಮೇಲೆ ಮೂತ್ರ ಕಪ್ಪು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ನಾಲ್ಕು ಮೆಟ್ಟಿಲಿಗೇ ಏದುಸಿರು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರಿಗೂ ಒಂದು ವರ್ಷದೊಳಗಿನ ಕೂಸಿಗೂ ಇದನ್ನು ಕೊಡುವುದಿಲ್ಲ. ಅಣ್ಣನಿಗೆ ಬರೆದುಕೊಟ್ಟ ಹಾಳೆಯಲ್ಲಿ ಉಳಿದದ್ದನ್ನು ಅತ್ತಿಗೆಗೆ ಕೊಡುವ ಮನೆಗಳು ಇದನ್ನು ಎರಡು ಸಲ ಓದಬೇಕು.

ಫಾಲ್ಸಿಪಾರಮ್ ಎಂದಿದ್ದರೆ

ಇಲ್ಲಿ ಗಂಟೆಗಳ ಲೆಕ್ಕ. ಕ್ಲೋರೋಕ್ವಿನ್ ಇದಕ್ಕೆ ಸಾಲದು. ನಮ್ಮ ದೇಶದಲ್ಲಿ ಫಾಲ್ಸಿಪಾರಮ್ ಕ್ಲೋರೋಕ್ವಿನ್‌ಗೆ ಬಗ್ಗುತ್ತಿಲ್ಲವೆಂದು ಮೊದಲು ಕಂಡದ್ದು 1973ರಲ್ಲಿ, ಅಸ್ಸಾಮಿನಲ್ಲಿ. ಈಗ ಕೊಡುವುದು ಆರ್ಟೆಮಿಸಿನಿನ್ ಜಾತಿಯ ಔಷಧ ಮತ್ತು ಅದಕ್ಕೊಂದು ಜೊತೆ. ಚೀನಾದ ಒಂದು ಗಿಡದಿಂದ ಆ ಔಷಧವನ್ನು ಬೇರ್ಪಡಿಸಿದ ತೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಸರ್ಕಾರಿ ದವಾಖಾನೆಯಲ್ಲಿ ಮೂರು ದಿನದ ಪೊಟ್ಟಣ ಸಿಗುತ್ತದೆ, ವಯಸ್ಸಿಗೆ ತಕ್ಕಂತೆ ಪೊಟ್ಟಣದ ಬಣ್ಣ ಬೇರೆ. ಖಾಸಗಿ ವೈದ್ಯರು ಆರ್ಟಿಮೆಥರ್ ಮತ್ತು ಲುಮೆಫ್ಯಾಂಟ್ರಿನ್ ಜೋಡಿಯನ್ನು ಬರೆದರೆ ಅದನ್ನು ಹಾಲು ಅಥವಾ ಸ್ವಲ್ಪ ಕೊಬ್ಬಿರುವ ಆಹಾರದ ಜೊತೆ ತೆಗೆದುಕೊಳ್ಳಿ, ಮೈಗೆ ಚೆನ್ನಾಗಿ ಹಿಡಿಯುತ್ತದೆ. ಗಂಜಿ ನೀರಿನ ಪಥ್ಯ ಇಲ್ಲಿ ಉಪಕಾರಕ್ಕಿಲ್ಲ. ಅದೇ ಆರ್ಟೆಮಿಸಿನಿನ್ ಜಾತಿಯ ಆರ್ಟೆಸುನೇಟ್ ಮಾತ್ರೆಯನ್ನು ಜೋಡಿಯಿಲ್ಲದೆ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ರೋಗಾಣು ಔಷಧಕ್ಕೆ ಒಗ್ಗಿಕೊಳ್ಳುತ್ತದೆಂದು ಅದನ್ನು ಭಾರತದಲ್ಲಿ ನಿಷೇಧಿಸಲಾಗಿದೆ.

ಇದರ ಜೊತೆಗೂ ಪ್ರೈಮಾಕ್ವಿನ್ ಇದೆ, ಆದರೆ ಒಂದೇ ಸಲ, ಎರಡನೆಯ ದಿನ. ಈ ಮಾತ್ರೆಯಿಂದ ನಿಮ್ಮ ಜ್ವರಕ್ಕೆ ಏನೂ ಲಾಭವಿಲ್ಲ. ಸೊಳ್ಳೆಯ ಹೊಟ್ಟೆಗೆ ಹೋಗಲು ಸಿದ್ಧವಾಗಿರುವ ಅರ್ಧಚಂದ್ರಾಕಾರದ ರೂಪಗಳನ್ನು ಅದು ಕೊಲ್ಲುತ್ತದೆ. ಪಕ್ಕದ ಹಾಸಿಗೆಯವನಿಗಾಗಿ ನೀವು ನುಂಗುವ ಮಾತ್ರೆ ಅದು. ವರದಿಯಲ್ಲಿ ಎರಡೂ ಜಾತಿ ಇದ್ದರೆ ಪ್ರೈಮಾಕ್ವಿನ್ ಮತ್ತೆ 14 ದಿನಕ್ಕೆ ಹೋಗುತ್ತದೆ.

ಮಾತು ತೊದಲಿದರೆ, ಎಬ್ಬಿಸಿದರೂ ಮಂಪರು ಹರಿಯದಿದ್ದರೆ, ಫಿಟ್ಸ್ ಬಂದರೆ, ನುಂಗಿದ್ದೆಲ್ಲ ವಾಂತಿಯಾಗುತ್ತಿದ್ದರೆ, ಮೂತ್ರ ತೀರಾ ಕಡಿಮೆಯಾದರೆ, ಉಸಿರು ಕಟ್ಟಿದರೆ ಮಾತ್ರೆಯ ಮಾತೇ ಬೇಡ. ಟ್ಯಾಕ್ಸಿ ಹಿಡಿದು ದೊಡ್ಡ ಆಸ್ಪತ್ರೆಗೆ ಹೋಗಿ, ಆರ್ಟೆಸುನೇಟ್ ಚುಚ್ಚುಮದ್ದು ರಕ್ತನಾಳಕ್ಕೆ ಹೋಗಬೇಕು. ಗರ್ಭಿಣಿಗೆ ಯಾವ ಜಾತಿಯ ಮಲೇರಿಯಾ ಬಂದರೂ ಮನೆಯಲ್ಲಿ ಕೂರಿಸಬೇಡಿ.

ತಾರಸಿಯ ಮೇಲಿನ ಕೆಲಸ

"ಗಟಾರ ಸ್ವಚ್ಛವಿದ್ದರೆ ಮಲೇರಿಯಾ ಬರುವುದಿಲ್ಲ" ಎಂದು ನಮ್ಮ ಕಟ್ಟಡದ ಸೊಸೈಟಿಯ ಸಭೆಯಲ್ಲಿ ಯಾರೋ ಒಬ್ಬರು ಪ್ರತಿ ವರ್ಷ ಹೇಳುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ಮುಂಬಯಿಯಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಎಂಬ ಸೊಳ್ಳೆಗೆ ಗಟಾರ ಬೇಡ. ಅದಕ್ಕೆ ಬೇಕಾದದ್ದು ನಾವು ಕುಡಿಯುವಂಥ ತಿಳಿನೀರು: ತಾರಸಿಯ ನೀರಿನ ಟಾಕಿ, ನೆಲದಡಿಯ ಟಾಕಿ, ಬಾವಿ, ಕಾರಂಜಿ, ಕಟ್ಟಡದ ಸಿಮೆಂಟಿಗೆ ಕಟ್ಟಿ ನಿಲ್ಲಿಸಿದ ನೀರು. ನಗರದಲ್ಲಿ ನಲ್ಲಿಗೆ ನೀರು ಬರುವುದು ದಿನಕ್ಕೆ ಕೆಲವೇ ಗಂಟೆ. ಆದ್ದರಿಂದ ಪ್ರತಿ ಕಟ್ಟಡಕ್ಕೂ ಟಾಕಿ ಬೇಕು. ಟಾಕಿಯ ಮುಚ್ಚಳ ಸರಿಯಿಲ್ಲದಿದ್ದರೆ ಸೊಳ್ಳೆಗೆ ಬಾಡಿಗೆಯಿಲ್ಲದ ಮನೆ.

ಇದು ಹೊಸ ತಿಳಿವಳಿಕೆಯೇನೂ ಅಲ್ಲ. 1911ರಲ್ಲಿಯೇ ಬೆಂಟ್ಲಿ ಎಂಬ ವೈದ್ಯಾಧಿಕಾರಿ ಮುಂಬಯಿಯ ಮಲೇರಿಯಾದ ಕಾರಣಗಳನ್ನು ಶೋಧಿಸಿ ವರದಿ ಕೊಟ್ಟು, ಮನೆ ಮನೆಯ ಬಾವಿ ಮತ್ತು ಟಾಕಿಗಳತ್ತ ಬೆರಳು ತೋರಿಸಿದ್ದರು. ಅದಕ್ಕೂ ಹಿಂದೆ, 1897ರ ಆಗಸ್ಟ್ 20ರಂದು, ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡಿದ್ದರು. ಅದೇ ರಾಸ್ ಯುವಕರಾಗಿದ್ದಾಗ, 1880ರ ದಶಕದಲ್ಲಿ, ಬೆಂಗಳೂರಿನ ದಂಡಿನಲ್ಲಿದ್ದವರು. ತಮ್ಮ ಬಂಗಲೆಯ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ಕಂಡು ಅದನ್ನು ಚೆಲ್ಲಿದರು, ಸೊಳ್ಳೆ ಕಡಿಮೆಯಾಯಿತು. ಉಳಿದ ಕಡೆಯೂ ಹೀಗೆ ಮಾಡೋಣ ಎಂದಾಗ ಮೇಲಿನ ಅಧಿಕಾರಿ ಪ್ರಕೃತಿಯ ವ್ಯವಸ್ಥೆಯಲ್ಲಿ ಕೈಹಾಕಬಾರದೆಂದು ಸಿಟ್ಟಾದರಂತೆ. ಟಾಕಿಯ ಮುಚ್ಚಳ ಬದಲಿಸಲು ಹಣ ಮಂಜೂರು ಮಾಡದ ಸೊಸೈಟಿ ಸಮಿತಿಗಳನ್ನು ನೋಡುವಾಗೆಲ್ಲ ನನಗೆ ಆ ಅಧಿಕಾರಿ ನೆನಪಾಗುತ್ತಾನೆ.

ಮಾಡಬೇಕಾದದ್ದು ಇಷ್ಟು. ಮೊಟ್ಟೆಯಿಂದ ಸೊಳ್ಳೆಯಾಗಲು ಈ ಹವೆಯಲ್ಲಿ ಒಂದು ವಾರಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಆದ್ದರಿಂದ ವಾರಕ್ಕೊಂದು ದಿನ ಗೊತ್ತುಮಾಡಿ, ಬ್ಯಾಟರಿ ಮತ್ತು ಬಿಳಿಯ ಬಣ್ಣದ ಒಂದು ಸೌಟು ಹಿಡಿದು ತಾರಸಿಗೆ ಹೋಗಿ. ಮುಚ್ಚಳ ತೆಗೆದ ಕೂಡಲೇ ನೆರಳು ಬಿದ್ದು ಮರಿಗಳು ಕೆಳಗೆ ಮುಳುಗುತ್ತವೆ. ಒಂದೆರಡು ನಿಮಿಷ ಅಲ್ಲಾಡದೆ ನಿಂತರೆ ಮೇಲೆ ಬರುತ್ತವೆ. ಆಗ ಅಂಚಿನಿಂದ ನೀರನ್ನು ಸೌಟಿಗೆ ಎಳೆದುಕೊಳ್ಳಿ. ನೀರಿನ ಮೇಲ್ಮೈಗೆ ಸಮಾನಾಂತರವಾಗಿ, ಮಲಗಿದಂತೆ ತೇಲುವ ಮರಿ ಅನಾಫಿಲಿಸ್‌ನದು. ತಲೆ ಕೆಳಗಾಗಿ ಓರೆಯಾಗಿ ನೇತಾಡುವುದು ಬೇರೆ ಜಾತಿ, ಡೆಂಗ್ಯೂ ಸೊಳ್ಳೆಯದೂ ಆಗಿರಬಹುದು. ಬೆಳೆದ ಸೊಳ್ಳೆಯನ್ನೂ ಗುರುತಿಸಬಹುದು: ಗೋಡೆಯ ಮೇಲೆ ಹಿಂಭಾಗ ಎತ್ತಿ ಓರೆಯಾಗಿ ಕೂತಿದ್ದರೆ ಅನಾಫಿಲಿಸ್. ಅದು ಕಚ್ಚುವುದು ಸಂಜೆಯಿಂದ ಮುಂದೆ, ರಾತ್ರಿ. ಹಗಲು ಕಚ್ಚುವ ಪಟ್ಟೆ ಸೊಳ್ಳೆ ಡೆಂಗ್ಯೂವಿನದು.

ಟಾಕಿಯ ಮುಚ್ಚಳ ಬಿಗಿಯಾಗಿ ಕೂರಬೇಕು. ಮುರಿದ ಮುಚ್ಚಳದ ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು ಇಟ್ಟರೆ ಸೊಳ್ಳೆಗೆ ಅಡ್ಡಿಯಿಲ್ಲ. ತುಂಬಿ ಹೊರಹೋಗುವ ಕೊಳವೆ ಮತ್ತು ಗಾಳಿ ಕೊಳವೆಯ ಬಾಯನ್ನು ಮರೆಯುವವರೇ ಹೆಚ್ಚು. ಅವಕ್ಕೆ ಕಿಟಕಿಯ ಸೊಳ್ಳೆ ಜಾಲರಿಯನ್ನು ಕಟ್ಟಿ, ಹರಿದಾಗ ಬದಲಿಸಿ. ಟಾಕಿಗೆ ಹತ್ತಲು ಗಟ್ಟಿ ಏಣಿ ಇರಲಿ, ಏಣಿಯಿಲ್ಲದ ಟಾಕಿಯನ್ನು ಪಾಲಿಕೆಯ ಕೀಟನಿಯಂತ್ರಣದವರೂ ಹತ್ತಿ ನೋಡುವುದಿಲ್ಲ, ನಿಮ್ಮ ಕಾವಲುಗಾರನೂ ನೋಡುವುದಿಲ್ಲ. ಸೊಳ್ಳೆ ಹುಟ್ಟುವ ನೀರು ಸಿಕ್ಕಿದರೆ ನೋಟಿಸು ಕೊಡುವ ಅಧಿಕಾರ ಪಾಲಿಕೆಗೆ 1888ರ ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 381ನೆಯ ಕಲಮಿನಲ್ಲಿದೆ. ಸಭೆಯಲ್ಲಿ ಹಣದ ಮಾತು ಬಂದಾಗ ಈ ಕಲಮನ್ನು ಓದಿ ಹೇಳಿ; ವಿಜ್ಞಾನಕ್ಕೆ ಬಗ್ಗದವರು ನೋಟಿಸಿಗೆ ಬಗ್ಗುತ್ತಾರೆ.

ಬಳಕೆಯಲ್ಲಿಲ್ಲದ ಬಾವಿ, ಕಾರಂಜಿ ಇದ್ದರೆ ಗಪ್ಪಿ ಮೀನು ಬಿಡಿ. ಸೊಳ್ಳೆ ಮರಿಯನ್ನು ತಿಂದು ಬದುಕುತ್ತದೆ, ತಾನಾಗಿ ಹೆಚ್ಚುತ್ತದೆ, ಪಾಲಿಕೆಯವರೇ ಕೊಡುತ್ತಾರೆ. ಕೆರೆ, ಹೊಳೆಗೆ ಮಾತ್ರ ಬಿಡಬೇಡಿ, ಅಲ್ಲಿಯ ಸ್ವಂತ ಮೀನುಗಳಿಗೆ ಕೇಡು. ಮಳೆಗಾಲಕ್ಕೆ ಹೊದಿಸಿದ ನೀಲಿ ತಾಡಪಾಲಿನ ಮಡಿಕೆಗಳು, ಹೂಕುಂಡದ ತಟ್ಟೆ, ಹಳೆಯ ಟಯರು ಇವುಗಳಲ್ಲಿ ಹೆಚ್ಚಾಗಿ ಡೆಂಗ್ಯೂ ಸೊಳ್ಳೆ. ಹೇಗೂ ತಾರಸಿಗೆ ಹೋದವರು ಅದನ್ನೂ ಚೆಲ್ಲಿ ಬನ್ನಿ.

ಹೊಗೆ ಬಿಡುವ ಗಾಡಿ ಬಂದರೆ ಜನಕ್ಕೆ ಬಹಳ ಸಮಾಧಾನ. ನನಗಿಲ್ಲ. ಆ ಹೊತ್ತಿಗೆ ಹಾರುತ್ತಿದ್ದ ಸೊಳ್ಳೆ ಸಾಯುತ್ತದೆ. ಟಾಕಿಯೊಳಗಿನ ಮರಿಗೆ ಹೊಗೆ ತಾಗುವುದಿಲ್ಲ.

ಪಕ್ಕದಲ್ಲಿ ಹಳೆಯ ಕಟ್ಟಡ ಕೆಡವಿ ಹೊಸದು ಏಳುತ್ತಿದ್ದರೆ ವಿಶೇಷ ಎಚ್ಚರಿಕೆ ಬೇಕು. ಸ್ಲ್ಯಾಬಿನ ಮೇಲೆ ಸಿಮೆಂಟು ಗಟ್ಟಿಯಾಗಲು ಕಟ್ಟಿದ ನೀರು, ಲಿಫ್ಟಿಗೆಂದು ತೋಡಿದ ಗುಂಡಿ, ನೆಲಮಾಳಿಗೆ ಎಲ್ಲವೂ ಸೊಳ್ಳೆಗೆ ಇಷ್ಟ. ಸ್ಲ್ಯಾಬಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಬಸಿದು ಒಣಗಿಸಿ ಮತ್ತೆ ಕಟ್ಟುವಂತೆ ಮುಕಾದಮನಿಗೆ ಹೇಳಿ, ಕೇಳದಿದ್ದರೆ ವಾರ್ಡ್ ಕಚೇರಿಗೆ ಬರೆಯಿರಿ. "ಕೂಲಿಯವರೇ ರೋಗ ತರುತ್ತಾರೆ" ಎಂಬ ಮಾತು ಮಾತ್ರ ನನ್ನೆದುರು ಆಡಬೇಡಿ. ಕಿಟಕಿಯಿಲ್ಲದ ತಗಡಿನ ಗುಡಿಸಲಿನಲ್ಲಿ, ಅದೇ ನೀರಿನ ಪಕ್ಕದಲ್ಲಿ ಮಲಗುವವರಿಗೆ ಮೊದಲು ಕಚ್ಚುತ್ತದೆ. ಅಲ್ಲಿ ಜ್ವರ ಬಂದವರಿಗೆ ಕೂಲಿ ಕಡಿಯದೆ ರಕ್ತ ಕೊಡಲು ಕಳಿಸುವ ಗುತ್ತಿಗೆದಾರ ಇಡೀ ಬೀದಿಗೆ ಉಪಕಾರ ಮಾಡುತ್ತಾನೆ.

ಮಲಗುವ ಜಾಗ

ಸೊಳ್ಳೆಪರದೆಗಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಕೀಟನಾಶಕ ಸೇರಿಸಿದ ಪರದೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಅದನ್ನು ಮೆಲ್ಲಗೆ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಅದರ ಶಕ್ತಿ ಸುಮಾರು 20 ತೊಳೆತದವರೆಗೆ ಉಳಿಯುವಂತೆ ಮಾಡಿರುತ್ತಾರೆ. ಹೋಟೆಲಿನ ಅಟ್ಟದಲ್ಲಿ, ತಾರಸಿಯಲ್ಲಿ ಸಾಲಾಗಿ ಮಲಗುವ ಹುಡುಗರಿಗೆ ಒಂದೇ ಹಗ್ಗದಿಂದ ತೂಗುಹಾಕುವ ದುಂಡು ಪರದೆ ಅನುಕೂಲ. ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿ. ಜ್ವರ ಬಂದವನನ್ನು ಕಡ್ಡಾಯವಾಗಿ ಪರದೆಯೊಳಗೆ ಮಲಗಿಸಿ. ಅವನನ್ನು ಕಚ್ಚಿದ ಸೊಳ್ಳೆಯ ಒಳಗೆ ರೋಗಾಣು ಬಲಿಯಲು ಹತ್ತರಿಂದ ಹದಿನಾಲ್ಕು ದಿನ, ಆಮೇಲೆ ಅದು ಕಚ್ಚಿದವರಿಗೆಲ್ಲ ಬರಬಹುದು. ಸೊಳ್ಳೆ ಬತ್ತಿ ಹಚ್ಚುವವರು ಹಚ್ಚಿ, ಆದರೆ ಬಾಗಿಲು ಮುಚ್ಚಿದ ಸಣ್ಣ ಖೋಲಿಯಲ್ಲಿ ರಾತ್ರಿಯಿಡೀ ಆ ಹೊಗೆ ಕುಡಿಯಬೇಡಿ.

ಲಸಿಕೆಯ ಬಗ್ಗೆ ಈಗ ತುಂಬ ಜನ ಕೇಳುತ್ತಾರೆ, ಪುಣೆಯಲ್ಲಿಯೇ ತಯಾರಾಗುತ್ತದಂತಲ್ಲ, ನಮಗೆ ಯಾಕಿಲ್ಲ ಎಂದು. ಆಕ್ಸ್‌ಫರ್ಡ್ ವಿಜ್ಞಾನಿಗಳು ರೂಪಿಸಿದ ಆರ್21 ಲಸಿಕೆಯನ್ನು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುತ್ತದೆ, ನಿಜ. 2023ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ಅದು ಕೆಲಸ ಮಾಡುವುದು ಫಾಲ್ಸಿಪಾರಮ್ ಮೇಲೆ, ಉದ್ದೇಶಿಸಿರುವುದು ಪುಟ್ಟ ಮಕ್ಕಳಿಗೆ, ಹೋಗುತ್ತಿರುವುದು ಮಲೇರಿಯಾದಿಂದ ಮಕ್ಕಳು ಅತಿ ಹೆಚ್ಚು ಸಾಯುವ ಆಫ್ರಿಕಾದ ದೇಶಗಳಿಗೆ. ವೈವಾಕ್ಸ್‌ನಿಂದ ನಮ್ಮನ್ನು ಕಾಪಾಡುವ ಲಸಿಕೆ ಅದಲ್ಲ. ಪರದೆ ಕಟ್ಟಿ.

ಊರಿಗೆ ಹೊರಟವರಿಗೆ

ಜ್ವರ ಬಿಟ್ಟ ಕೂಡಲೇ ಅಮ್ಮನ ಕೈಯ ಊಟ ನೆನಪಾಗಿ ಊರಿಗೆ ಹೊರಡುವ ಹುಡುಗರು ಬಹಳ. ಹೋಗಿ, ಬೇಡ ಎನ್ನುವುದಿಲ್ಲ. ವರದಿಯ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಜಾತಿಯ ಹೆಸರು ಓದುವಂತಿರಲಿ. ತಿಂಗಳುಗಳ ಮೇಲೆ ಊರಿನಲ್ಲಿ ಜ್ವರ ಬಂದರೂ ಅಲ್ಲಿಯ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ: ಮುಂಬಯಿಯಲ್ಲಿದ್ದೆ, ವೈವಾಕ್ಸ್ ಬಂದಿತ್ತು, ಪ್ರೈಮಾಕ್ವಿನ್ ಇಷ್ಟು ದಿನ ತೆಗೆದುಕೊಂಡೆ. ಮಂಗಳೂರಿನ ವೈದ್ಯರಿಗೆ ಮಲೇರಿಯಾ ಹೊಸದಲ್ಲ, ಆ ಊರೂ ಅದನ್ನು ಚೆನ್ನಾಗಿ ಬಲ್ಲದು. ಒಳನಾಡಿನ ಹಳ್ಳಿಯಲ್ಲಿ ನೀವು ಹೇಳದಿದ್ದರೆ ಯಾರಿಗೂ ಹೊಳೆಯಲಿಕ್ಕಿಲ್ಲ. ಊರಿನಲ್ಲಿ ಯಾರಿಗಾದರೂ ರಕ್ತ ಬೇಕಾದರೆ, ಗುಣವಾಗಿ ಮೂರು ತಿಂಗಳು ಆಗುವವರೆಗೆ ನೀವು ಕೊಡಬೇಡಿ.

14 ದಿನ ಮುಗಿಯುವ ಮೊದಲೇ ರೈಲು ಹತ್ತುವುದಾದರೆ ಮಾತ್ರೆಯ ಹಾಳೆಯನ್ನು ಸೂಟ್‌ಕೇಸಿಗೆ ಹಾಕಬೇಡಿ, ಅದು ಸೀಟಿನ ಕೆಳಗೆ ಹೋದರೆ ಊರು ಬರುವವರೆಗೆ ಹೊರಗೆ ಬರುವುದಿಲ್ಲ. ಅಂಗಿಯ ಜೇಬಿನಲ್ಲಿಡಿ, ಟಿಕೆಟಿನ ಜೊತೆ.